ಸ್ಪಷ್ಟನೆ: ನೀಟ್‌ಗೆ ಪಿಯುಸಿಯಲ್ಲಿ ಗಣಿತ ಕಡ್ಡಾಯವಲ್ಲ

‘ಪಿಯುಸಿಯಲ್ಲಿ ಗಣಿತ ಬಿಟ್ಟರೆ ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ಬರೆಯುವಂತಿಲ್ಲ, ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ) ತಗೊಂಡವರಿಗೆ ಎಂಬಿಬಿಎಸ್ ಯಾವತ್ತಿಗೂ ಇಲ್ಲ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಎರಡೂ ತಪ್ಪು.

ನೀಟ್ ಅರ್ಹತೆಗೆ ಬೇಕಾದದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನ, ಜೊತೆಗೆ ಇಂಗ್ಲಿಷ್. ಈ ವಿಷಯಗಳಲ್ಲಿ ಪಾಸಾಗಿರಬೇಕು. ಗಣಿತದ ಅಂಕ ಲೆಕ್ಕಕ್ಕೇ ಇಲ್ಲ.

ಪಿಸಿಎಂಸಿ ಮುಗಿಸಿದವರು ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಮಾನ್ಯತೆ ಪಡೆದ ಮಂಡಳಿಯಲ್ಲಿ ಪಾಸು ಮಾಡಿಕೊಂಡರೂ ಅರ್ಹರು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲೇ ಇದನ್ನು ತಿಳಿಸಿದೆ. ಆದರೆ ನೀಟ್‌ನ ಒಟ್ಟು 720 ಅಂಕಗಳಲ್ಲಿ 360 ಜೀವಶಾಸ್ತ್ರದ್ದೇ. ಅದನ್ನು ಕೊನೆಗೆ ಓದಿಕೊಳ್ಳೋಣ ಎಂದು ಬಿಡುವುದು ದುಬಾರಿ.

ಇನ್ನು, ಗಣಿತ ಬೇಡವೆಂದರೆ ಲೆಕ್ಕವೇ ಬೇಡವೆಂದಲ್ಲ. 0.002 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ (ಆಮ್ಲೀಯತೆಯ ಅಳತೆ) ಕೇಳಿದರೆ, 0.002 ಎಂದರೆ 2×10⁻³ ಎಂದು ಬರೆದು, 3ರಿಂದ ಲಾಗ್ 2 ಅಂದರೆ ಸುಮಾರು 0.3 ಕಳೆದು 2.7 ಎನ್ನಬೇಕು, ಅದೂ ಕ್ಯಾಲ್ಕುಲೇಟರ್ ಇಲ್ಲದೆ. ಭೌತಶಾಸ್ತ್ರಕ್ಕೆ ಸದಿಶ (ವೆಕ್ಟರ್), ತ್ರಿಕೋನಮಿತಿ, ಸರಳ ಅವಕಲನ (ಡಿಫರೆನ್ಸಿಯೇಷನ್) ಬೇಕು. ಗಣಿತ ಬಿಟ್ಟವರು ಮೊದಲ ಪಿಯುಸಿಯ ಆರಂಭದಲ್ಲೇ ಇವಿಷ್ಟನ್ನು ಕಲಿತುಕೊಳ್ಳಿ. ಎಂಜಿನಿಯರಿಂಗ್ ಬಾಗಿಲೂ ತೆರೆದಿರಲಿ ಎನ್ನುವವರಿಗೆ ಮಾತ್ರ ಗಣಿತ, ಜೀವಶಾಸ್ತ್ರ ಎರಡೂ ಇರುವ ಪಿಸಿಎಂಬಿಯೇ ಸರಿ.