ಚೌಡಿ ಉಳಿದಳು, ವೀರ ಮೋರಿಗೆ ಬಿದ್ದ

ನಮ್ಮೂರಿಗೆ ತಿರುಗುವ ಕ್ರಾಸಿನಲ್ಲಿ ಎರಡು ಕಲ್ಲುಗಳಿದ್ದವು. ಒಂದು ಚೌಡಿ, ಊರು ಕಾಯುವ ದೇವಿ. ಇನ್ನೊಂದು ವೀರಗಲ್ಲು. ನಡುವೆ ಹತ್ತು ಹೆಜ್ಜೆ ಅಂತರ, ಅಷ್ಟೇ. ಹೋದ ತಿಂಗಳು ರಸ್ತೆ ಅಗಲ ಮಾಡಲು ಜೆಸಿಬಿ ಬಂತು. ಚೌಡಿಯ ಎದುರು ಬಂದಾಗ ಡ್ರೈವರ್ ಮಷಿನ್ ಬಂದ್ ಮಾಡಿದ. ಕೆಳಗಿಳಿದ. ಚಪ್ಪಲಿ ಬಿಟ್ಟ. ಮೇಸ್ತ್ರಿಯ ಹತ್ತಿರ ದುಡ್ಡು ಇಸಿದುಕೊಂಡು ಕಾಯಿ ತರಿಸಿ ಒಡೆದ. ಆಮೇಲೆ ಚರಂಡಿಯನ್ನೇ ಮೂರು ಅಡಿ ಆಚೆ ಸರಿಸಿದರು. ವೀರಗಲ್ಲಿಗೆ ಇದ್ಯಾವುದೂ ಇರಲಿಲ್ಲ. ಬಕೆಟ್ಟಿನ ಒಂದೇ ಹೊಡೆತ, ಎರಡು ತುಂಡು. ಈಗ ದೊಡ್ಡ ತುಂಡು ಹೊಸ ಮೋರಿಯ ಬದಿಗೆ ಪಿಚ್ಚಿಂಗ್ ಕಲ್ಲಾಗಿ ಮಕಾಡೆ ಮಲಗಿದೆ. ಸಣ್ಣದು ಎಲ್ಲಿ ಹೋಯಿತೋ, ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸುತ್ತಾರೆ.

ಡ್ರೈವರ್ ಮೇಲೆ ನನಗೆ ಸಿಟ್ಟಿಲ್ಲ. ಬಯಲುಸೀಮೆ ಕಡೆಯ ಹುಡುಗ, ಬಂದು ವಾರವೂ ಆಗಿರಲಿಲ್ಲ. "ಸಾರ್, ಅದಕ್ಕೆ ಕುಂಕುಮ ಇರ್ಲಿಲ್ಲ, ನಂಗೆ ಹೆಂಗ್ ಗೊತ್ತಾಗ್ಬೇಕು?" ಎಂದ. ಅವನ ಮಾತಿನಲ್ಲಿ ತಪ್ಪೇನಿದೆ? ಕುಂಕುಮ ಇರಲಿಲ್ಲ. ಬೋರ್ಡೂ ಇರಲಿಲ್ಲ. ಬೋರ್ಡು ಹಾಕಿ ಅಂತ ನಾನು ಹದಿನಾಲ್ಕು ತಿಂಗಳು ಅಲೆದಿದ್ದೆ. ಸಿಟ್ಟು ಇರುವುದು ಅದಕ್ಕೆ.

ಆ ಕಲ್ಲು ನೋಡದವರಿಗೆ ಹೇಳುತ್ತೇನೆ. ಎದೆಯೆತ್ತರದ ಕಲ್ಲು. ಮೂರು ಅಂಕಣ. ಕೆಳಗಿನದರಲ್ಲಿ ದನಗಳ ಸಾಲು, ಪಕ್ಕದಲ್ಲಿ ಬಿಲ್ಲು ಹಿಡಿದವನೊಬ್ಬ. ತುರು ಕಾಯಲು ಹೋಗಿ ಸತ್ತವನ ಕಲ್ಲು ಅಂತ ಅದರಲ್ಲೇ ಗೊತ್ತಾಗುತ್ತದೆ. ದನಗಳೆಲ್ಲ ಮುಂದೆ ಹೊರಟಿವೆ. ಒಂದು ಹಸು ಮಾತ್ರ ಕುತ್ತಿಗೆ ತಿರುಗಿಸಿ ಹಿಂದೆ ನೋಡುತ್ತಿದೆ, ಆ ಬಿಲ್ಲಿನವನನ್ನೇ. ನಡುವಿನ ಅಂಕಣದಲ್ಲಿ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದು ಮೇಲೆ ಕರೆದುಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಎದುರು ಅವನು ಕೈಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಅಕ್ಷರ. ಶಾಲೆಗೆ ಹೋಗುವಾಗ ಅದೇ ನಮ್ಮ ಬಸ್‌ಸ್ಟಾಪು. ಆಯಿ ಹಾಲಿನ ಕ್ಯಾನು ಅದರ ತಲೆಯ ಮೇಲೆ ಇಡುತ್ತಿದ್ದಳು. ಆ ಹಸುವಿನ ಮೂತಿಯನ್ನು ನಾವು ಮಕ್ಕಳು ಸವರಿ ಸವರಿಯೇ ನುಣ್ಣಗೆ ಮಾಡಿದ್ದೆವು. ಅದೂ ತಪ್ಪೇ, ಒಪ್ಪುತ್ತೇನೆ.

ಶಾಸನ ಓದಲು ಬರುವ ಪರಿಚಯದವರೊಬ್ಬರು ಒಮ್ಮೆ ಮನೆಗೆ ಬಂದವರು ಅದನ್ನು ನೋಡಿ ಅಲ್ಲೇ ಕೂತುಬಿಟ್ಟರು. ಸಂಜೆಯ ಓರೆ ಬಿಸಿಲು ಬೀಳುವಾಗ ನೀರು ಚಿಮುಕಿಸಿ ಫೋಟೋ ತೆಗೆ, ಸೀಮೆಸುಣ್ಣ ಮಾತ್ರ ತಿಕ್ಕಬೇಡ ಎಂದರು. ಹಾಗೆಯೇ ತೆಗೆದೆ. ಮೇಲಿನ ಪಟ್ಟಿಯಲ್ಲಿ "ಸ್ವಸ್ತಿ" ಅಂತ ಚೆನ್ನಾಗಿ ಕಾಣುತ್ತದೆ. ಆಮೇಲೆ ಹಾವಸೆ. ಕೆಳಗಿನ ಪಟ್ಟಿಗೆ ಮಣ್ಣು ಮೆತ್ತಿತ್ತು. "ಇದರ ಅಚ್ಚು ತೆಗೆಸಬೇಕು, ಮೊದಲು ಒಂದು ಅರ್ಜಿ ಕೊಡು" ಎಂದು ಹೇಳಿ ಅವರು ಹೋದರು. ನನ್ನ ಗ್ರಹಚಾರ ಅಲ್ಲಿಂದ ಶುರುವಾಯಿತು.

ಮೊದಲ ಆಫೀಸಿನಲ್ಲಿ, "ರಸ್ತೆ ಬದಿಯದ್ದು, ನಮಗೆ ಬರೋದಿಲ್ಲ." ಎರಡನೇ ಕಡೆ, "ಪಹಣಿ ತಂದಿದ್ದೀರಾ?" ತಂದುಕೊಟ್ಟೆ. ಪಹಣಿಯಲ್ಲಿ ಆ ಜಾಗ 'ಖರಾಬು', ಅಂದರೆ ಸಾಗುವಳಿಗೆ ಬಾರದ್ದು. ಆ ವೀರನ ಹೆಸರು ಏನೆಂದು ನಾವು ಓದಲೇ ಇಲ್ಲ, ಅವನು ನಿಂತ ಜಾಗಕ್ಕೆ ನಾವು ಇಟ್ಟ ಹೆಸರು ಖರಾಬು. ಮೂರನೆಯದು ದೂರ. ಬೆಳಗ್ಗೆ ಸಿರ್ಸಿಯಲ್ಲಿ ಬಸ್ಸು ಹತ್ತಿ, ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟುವಾಗ ಊಟದ ಹೊತ್ತು. ಸಂಬಂಧಪಟ್ಟವರು ಊಟಕ್ಕೆ ಹೋಗಿದ್ದರು. ಊಟ ಮುಗಿಸಿ ಮೀಟಿಂಗಿಗೆ ಹೋದರು. ನಾಲ್ಕೂವರೆಗೆ ಒಬ್ಬರು ಸಿಕ್ಕರು, ಫೋಟೋ ನೋಡಿದರು, "ಚೆನ್ನಾಗಿದೆ" ಎಂದರು. ಬಳಿಕ ನಡೆದ ಮಾತು ನನಗೆ ಬಾಯಿಪಾಠ ಆಗಿದೆ.

"ಆದ್ರೆ ಇದು ಸಂರಕ್ಷಿತ ಪಟ್ಟಿಯಲ್ಲಿ ಇಲ್ವಲ್ಲ."

"ಅದಕ್ಕೇ ಸರ್, ಪಟ್ಟಿಗೆ ಸೇರಿಸಿ ಅಂತ ಅರ್ಜಿ."

"ಸೇರಿಸ್ಬೇಕು ಅಂದ್ರೆ ಸ್ಥಳ ಪರಿಶೀಲನೆ ಆಗ್ಬೇಕು."

"ಬನ್ನಿ ಸರ್, ನಾನೇ ಕರ್ಕೊಂಡು ಹೋಗ್ತೇನೆ."

"ಪಟ್ಟಿಯಲ್ಲಿ ಇಲ್ಲದ್ದಕ್ಕೆ ಹಾಗೆಲ್ಲ ಬರೋಕಾಗಲ್ಲ."

ಅರ್ಜಿಗೆ ಟಪಾಲಿನಲ್ಲಿ ಒಂದು ಸೀಲು ಒತ್ತಿ, ಪೆನ್ನಿನಲ್ಲಿ ನಂಬರ್ ಬರೆದುಕೊಟ್ಟರು. ಆ ಕಲ್ಲಿಗೆ ಸರ್ಕಾರದಲ್ಲಿ ಸಿಕ್ಕಿದ ನಂಬರ್ ಅದೊಂದೇ.

ಕಾಯಿದೆಯಲ್ಲಿ ಏನಿದೆ ಅಂತ ಆಮೇಲೆ ನಾನೇ ಕೂತು ಓದಿದೆ. ಓದದೇ ಇದ್ದಿದ್ದರೆ ನಿದ್ದೆಯಾದರೂ ಬರುತ್ತಿತ್ತು. 1958ರ ಕೇಂದ್ರದ ಕಾಯಿದೆ ಇದೆ, 1961ರ ನಮ್ಮ ರಾಜ್ಯದ ಕಾಯಿದೆ ಇದೆ. ಕೇಂದ್ರದ ಕಾಯಿದೆಯ ಮೊದಲ ಪುಟದಲ್ಲೇ, ನೂರು ವರ್ಷ ದಾಟಿದ ಕಟ್ಟಡ, ಗುಹೆ, ಶಾಸನ, ಒಂಟಿಕಲ್ಲು ಎಲ್ಲವೂ ಪುರಾತನ ಸ್ಮಾರಕವೇ ಎಂದಿದೆ. ಓದಿ ಖುಷಿಯಾಯಿತು, ನಮ್ಮ ಕಲ್ಲೂ ಸೇರಿತಲ್ಲ ಅಂತ. ಆದರೆ ಮುಂದೆ ಹೋದಂತೆ ಶಿಕ್ಷೆ, ಗಡಿ, ಕಾವಲು ಎಲ್ಲ ಬರುವುದು 'ಸಂರಕ್ಷಿತ' ಸ್ಮಾರಕಕ್ಕೆ ಮಾತ್ರ. ಅಂದರೆ ಗೆಜೆಟ್ಟಿನಲ್ಲಿ ಪ್ರಕಟಣೆ ಹೊರಡಿಸಿ, ಎರಡು ತಿಂಗಳು ಆಕ್ಷೇಪಣೆಗೆ ಕಾದು, ರಾಷ್ಟ್ರೀಯ ಮಹತ್ವದ್ದು ಅಂತ ಘೋಷಿಸಿದ್ದಕ್ಕೆ. ನಮ್ಮ ವೀರ ಪುರಾತನ ಹೌದು, ಸಂರಕ್ಷಿತ ಅಲ್ಲ. ಅಜ್ಜ ಅಂತ ಒಪ್ಪುತ್ತಾರೆ, ಅನ್ನ ಹಾಕುವುದಿಲ್ಲ.

1972ರ ಪುರಾತನ ವಸ್ತುಗಳ ಕಾಯಿದೆಯದ್ದು ಇನ್ನೂ ತಮಾಷೆ. ಅದರ ಪ್ರಕಾರ ನೂರು ವರ್ಷ ಹಳೆಯ ಶಿಲ್ಪವನ್ನಾಗಲಿ ಶಾಸನವನ್ನಾಗಲಿ ಪರವಾನಗಿ ಇಲ್ಲದೆ ದೇಶದ ಹೊರಗೆ ಸಾಗಿಸಿದರೆ ಕಡಿಮೆಯೆಂದರೆ ಆರು ತಿಂಗಳು, ಹೆಚ್ಚೆಂದರೆ ಮೂರು ವರ್ಷ ಜೈಲು. ಅದೇ ಕಲ್ಲನ್ನು ಕಾರವಾರದ ಬಂದರಿನಲ್ಲಿ ಹಡಗಿಗೆ ಹಾಕಿದ್ದರೆ ಕಸ್ಟಮ್ಸ್, ಪೊಲೀಸು, ಟಿವಿ ಎಲ್ಲ ಓಡಿ ಬರುತ್ತಿದ್ದವು. ಮೋರಿಗೆ ಹಾಕಿದರೆ ಬಿಲ್ ಪಾಸಾಗುತ್ತದೆ.

ಇನ್ನು ಪಟ್ಟಿಯೊಳಗೆ ಸೇರಿದವರ ಕಥೆ. ನನ್ನ ಹೆಂಡತಿಯ ತವರುಮನೆ ಕೇಂದ್ರದ ಪಟ್ಟಿಯಲ್ಲಿರುವ ಒಂದು ಸ್ಮಾರಕದ ಪಕ್ಕ. ಯಾವುದು ಅಂತ ಬೇಡ, ಮಾವನಿಗೆ ಇರುವ ತಲೆನೋವೇ ಸಾಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಬನವಾಸಿಯ ಮಧುಕೇಶ್ವರ, ಗೇರುಸೊಪ್ಪೆಯ ಚತುರ್ಮುಖ ಬಸದಿ, ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನ, ಹೀಗೆ ಕೆಲವು ಆ ಪಟ್ಟಿಯಲ್ಲಿವೆ. ಅಂಥ ಕಡೆ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಮಾವನ ಮನೆ ನೂರರ ಒಳಗೆ. ಮನೆ ಅವರ ಅಪ್ಪನ ಕಾಲದ್ದು. 1992ರ ಜೂನ್ 16ಕ್ಕಿಂತ ಮೊದಲಿನ ಮನೆಯಾದರೆ ಅನುಮತಿ ತಗೊಂಡು ರಿಪೇರಿ ಮಾಡಬಹುದು. ಹೊಸದಾಗಿ ಮಾತ್ರ ಏನೂ ಕಟ್ಟುವ ಹಾಗಿಲ್ಲ. ಮಾವನಿಗೆ ಬೇಕಾಗಿರುವುದು ಅರಮನೆ ಅಲ್ಲ. ಮಂಡಿ ನೋವು, ರಾತ್ರಿ ಮಳೆಯಲ್ಲಿ ಅಂಗಳ ದಾಟಿ ಹೋಗಲಾಗುವುದಿಲ್ಲ, ಮನೆಗೆ ತಾಗಿ ಒಂದು ಪಾಯಿಖಾನೆ. ಆಗುವುದಿಲ್ಲ. ಅದು 'ಹೊಸ ನಿರ್ಮಾಣ'.

ನಿಯಮವೇ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಇಲ್ಲದಿದ್ದರೆ ದೇವಸ್ಥಾನದ ಗೋಡೆಗೆ ತಾಗಿ ಲಾಡ್ಜು ಎದ್ದಿರುತ್ತಿತ್ತು, ನಮ್ಮ ಜನ ನನಗೆ ಗೊತ್ತಿಲ್ವಾ? ಆದರೆ ಊರಿಗೆಲ್ಲ ಒಂದೇ ಅಳತೆಪಟ್ಟಿ ಹಿಡಿಯುವುದು ಬೇಡ ಅಂತಲೇ 2010ರ ತಿದ್ದುಪಡಿಯಲ್ಲಿ ಒಂದೊಂದು ಸ್ಮಾರಕಕ್ಕೂ ಅದರದೇ ಬೈಲಾ ಮಾಡಬೇಕು ಎಂದು ಬರೆದರು. ಮಾವನ ಊರಿನದು ಇನ್ನೂ ಬಂದಿಲ್ಲ. ಅಲ್ಲಿಯ ನೀಲಿ ಬೋರ್ಡು ನೋಡಿದರೆ ಅದೂ ಹಳೆಯದೇ. ಹಾಳು ಮಾಡಿದವರಿಗೆ ಮೂರು ತಿಂಗಳು ಸಜೆ ಅಥವಾ 5,000 ರೂಪಾಯಿ ದಂಡ ಎಂದೇ ಇದೆ. ಎರಡು ವರ್ಷ, ಒಂದು ಲಕ್ಷ ಅಂತ ಬದಲಾಗಿ ಎಷ್ಟು ಕಾಲವಾಯಿತು! ಬೋರ್ಡಿಗೆ ಪೇಂಟ್ ಹೊಡೆಯಲೂ ಅನುಮತಿ ಬೇಕೇನೋ.

ಪಟ್ಟಿಗೆ ಸೇರಿದರೆ ಗ್ಯಾರಂಟಿ ಉಳಿಯುತ್ತದೆ ಅಂತಲೂ ಇಲ್ಲ. 2013ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯವರು ದೇಶದಲ್ಲಿ 1,655 ಸ್ಮಾರಕಗಳಿಗೆ ಖುದ್ದು ಹೋಗಿ ನೋಡಿದಾಗ 92 ಜಾಗದಲ್ಲೇ ಇರಲಿಲ್ಲ. ಕೆಲವು ಆಮೇಲೆ ಸಿಕ್ಕವು. ಕೆಲವು ಊರು ಬೆಳೆದು ನುಂಗಿಕೊಂಡವು, ಕೆಲವು ಅಣೆಕಟ್ಟಿನ ನೀರಿನಲ್ಲಿ. 24 ಪತ್ತೆಯೇ ಇಲ್ಲ ಅಂತ 2022ರಲ್ಲಿ ಸಂಸತ್ತಿನ ಸಮಿತಿಯ ಎದುರು ಸರ್ಕಾರವೇ ಹೇಳಿತು. ನಂಬರ್ ಇದ್ದವುಗಳ ಪಾಡು ಇದು. ನಂಬರೇ ಇಲ್ಲದ್ದು ಕಾಣೆಯಾದರೆ ಯಾವ ಲೆಕ್ಕದಲ್ಲಿ ಕಡಿಮೆ ಬೀಳುತ್ತದೆ ಹೇಳಿ.

ನಮ್ಮ ಜಿಲ್ಲೆಗೆ ಇದು ಇಂದಿನ ರೋಗವೂ ಅಲ್ಲ. ಮೈಸೂರು ಸಂಸ್ಥಾನದಲ್ಲಿ 1885ರಲ್ಲೇ ಪುರಾತತ್ವ ಇಲಾಖೆ ಆಯಿತು. ಆ ಇಲಾಖೆಯ ಬಿ.ಎಲ್. ರೈಸ್ ಊರೂರು ತಿರುಗಿ, ತಿರುಗಿಸಿ, 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಒಂಬತ್ತು ಸಾವಿರದ ಹತ್ತಿರ ಶಾಸನ ಅಚ್ಚು ಹಾಕಿಸಿದರು. ಬನವಾಸಿಯಿಂದ ಸ್ವಲ್ಪ ಆಚೆ ಹೋದರೆ ಸೊರಬ ತಾಲೂಕು, ಆಗ ಮೈಸೂರಿಗೆ ಸೇರಿದ್ದು. ಅಲ್ಲಿಯ ಕಲ್ಲುಗಳಿಗೆ ನೂರು ವರ್ಷದ ಹಿಂದೆಯೇ ತಾಲೂಕಿನ ಹೆಸರಿನ ಜೊತೆ ನಂಬರ್ ಸಿಕ್ಕಿತು. ಗದ್ದೆಯಲ್ಲಿ ಬಿದ್ದ ಕಲ್ಲಿಗೂ ಸಿಕ್ಕಿತು. ನಾವು 1862ರಿಂದ ಮುಂಬಯಿ ಪ್ರಾಂತ್ಯದಲ್ಲಿದ್ದೆವು, ಮೈಸೂರಿನವರ ಲೆಕ್ಕಕ್ಕೆ ಬರಲಿಲ್ಲ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯವರು ಆಮೇಲೆ ಬಹಳ ಕೆಲಸ ಮಾಡಿದರು, ಕೇಂದ್ರದ ಶಾಸನ ಶಾಖೆಯವರೂ ನಮ್ಮ ಕಡೆಯ ಎಷ್ಟೋ ಶಾಸನ ಓದಿದರು, ಇಲ್ಲ ಅನ್ನುವುದಿಲ್ಲ. ಆದರೆ ಬೆಟ್ಟ, ಬೇಣ, ತೋಟದ ಮೂಲೆಯಲ್ಲಿ ನಿಂತವು ಹಾಗೇ ನಿಂತಿವೆ. ಇವತ್ತಿಗೂ ಸೊರಬದ ಕಡೆ ಕಲ್ಲು ಒಡೆದರೆ ಅದರಲ್ಲಿ ಏನು ಬರೆದಿತ್ತು ಅಂತ ಪುಸ್ತಕ ತೆಗೆದು ನೋಡಬಹುದು. ನಮ್ಮ ಕಲ್ಲು ಒಡೆದರೆ ಯಾವ ಪುಸ್ತಕ ತೆಗೆಯಲಿ?

ಬರೆದಿಟ್ಟುಕೊಳ್ಳುವುದು ಅಷ್ಟು ಕಷ್ಟವೇ? ಒದ್ದೆ ಕಾಗದ ಕಲ್ಲಿಗೆ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ಗುಂಡಿಯೊಳಗೆ ಕೂರಿಸಿ, ಮೇಲೆ ಮಸಿ ಒತ್ತಿದರೆ ಅಚ್ಚು ಬಂತು. ಅಕ್ಷರ ಬಿಳಿ, ಉಳಿದದ್ದು ಕಪ್ಪು. ಗೊತ್ತಿದ್ದವರಿಗೆ ಅರ್ಧ ದಿನದ ಕೆಲಸ. ಹದಿನಾಲ್ಕು ತಿಂಗಳಲ್ಲಿ ಅರ್ಧ ದಿನ ಸಿಗಲಿಲ್ಲ. ಅಚ್ಚು ಒಂದು ಇದ್ದಿದ್ದರೆ ಕಲ್ಲು ಹೋದರೂ ಅವನ ಹೆಸರು ಉಳಿಯುತ್ತಿತ್ತು.

ಹೋಗಲಿ ಅಂದರೆ, ಜೆಸಿಬಿ ಬಂದು ಹೋದ ಎರಡು ವಾರಕ್ಕೆ ಪತ್ರ ಬಂತು. "ತಮ್ಮ ಅರ್ಜಿಗೆ ಸಂಬಂಧಿಸಿದಂತೆ ಸದರಿ ಶಿಲೆಯ ನಾಲ್ಕೂ ಬದಿಯ ಫೋಟೋ, ಅಳತೆ ಮತ್ತು ಅಕ್ಷಾಂಶ ರೇಖಾಂಶ ಒದಗಿಸುವುದು." ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಟೇಪು ಹಿಡಿದುಕೊಂಡು ಹೋದೆ. ಮೋರಿಯಲ್ಲಿ ಮೊಣಕಾಲುದ್ದ ನೀರು. ಕೈಗೆ ಸಿಕ್ಕ ಮಟ್ಟಿಗೆ ಅಳೆದೆ. ಮಕಾಡೆ ಬಿದ್ದಿರುವುದರಿಂದ ಕಾಣುವುದು ಬೆನ್ನು ಮಾತ್ರ. ನಾಲ್ಕೂ ಬದಿಯ ಫೋಟೋ ಎಲ್ಲಿಂದ ತರಲಿ? ಕಲ್ಲನ್ನು ಎತ್ತಿ ತಿರುಗಿಸಿ ಕೊಡಿ ಎಂದರೆ ಮೇಸ್ತ್ರಿ, "ಬಿಲ್ ಆಗಿದೆ ಸಾರ್, ಈಗ ಕಿತ್ರೆ ಮೋರಿ ಕುಸೀತದೆ, ಜವಾಬ್ದಾರಿ ನಿಮ್ದು" ಎನ್ನುತ್ತಾನೆ. ಲಿಖಿತ ಆದೇಶ ತರಬೇಕಂತೆ. ಯಾರದ್ದು ಅಂತ ಅವನಿಗೂ ಗೊತ್ತಿಲ್ಲ.

ಆಯಿ ಮೊನ್ನೆ ಎಲೆ-ಅಡಿಕೆ ಹಾಕುತ್ತಾ, "ಅರ್ಜಿ ಗಿರ್ಜಿ ಎಂತಕ್ಕೆ ಬೇಕಾಗಿತ್ತು ತಮಾ, ಒಂದು ಚಿಟಿಕೆ ಕುಂಕುಮ ಹಾಕಿ ಬಂದಿದ್ರೆ ಸಾಕಾಗಿತ್ತು" ಎಂದಳು. ಮೈಯೆಲ್ಲ ಉರಿಯಿತು, ಯಾಕೆಂದರೆ ಅದು ನಿಜ. ಘಟ್ಟದ ಕೆಳಗೂ ನೋಡಿ, ಜಟಕ ಅಂತ ಪೂಜೆ ಸಿಕ್ಕ ಕಲ್ಲನ್ನು ಯಾರೂ ಮುಟ್ಟುವುದಿಲ್ಲ. ಆದರೆ ಆ ದಾರಿಗೂ ಅದರದೇ ಕಾಟ ಇದೆ. ಮೊದಲು ಕುಂಕುಮ, ಆಮೇಲೆ ಎಣ್ಣೆ, ಆಮೇಲೆ ಹಳದಿ ಪೇಂಟು, ಕೊನೆಗೆ ಯಾರೋ ಹರಕೆ ಹೊತ್ತವರು ಸಿಮೆಂಟ್ ಕಟ್ಟೆ ಕಟ್ಟಿ ಸುತ್ತ ಟೈಲ್ಸ್ ಹಾಕುತ್ತಾರೆ. ಕಲ್ಲು ಉಳಿಯುತ್ತದೆ, ಅಕ್ಷರ ಒಳಗೆ ಹೂತುಹೋಗುತ್ತದೆ. ನಮ್ಮ ಚೌಡಿಯ ಮೈಮೇಲೂ ಕೆತ್ತನೆ ಇತ್ತು ಅಂತ ಅಪ್ಪಯ್ಯ ಹೇಳುತ್ತಿದ್ದರು. ಈಗ ನೋಡಿದರೆ ಕೆಂಪು ಆಯಿಲ್ ಪೇಂಟು ಬಿಟ್ಟರೆ ಏನೂ ಇಲ್ಲ.

ಈಗ ನನಗೆ ಬೇಕಾಗಿರುವುದು ಇಷ್ಟು. ನನ್ನ ಫೋಟೋದಲ್ಲಿ ಮೇಲಿನ ಪಟ್ಟಿಯ ಶುರು ಮಾತ್ರ ಓದಲು ಬರುತ್ತದೆ. ಆದರೆ ಮೊದಲೆಲ್ಲ ನಮ್ಮೂರಿನ ದಿಬ್ಬಣದ ಬಸ್ಸು ಆ ಕ್ರಾಸಿನಲ್ಲೇ ನಿಲ್ಲುತ್ತಿತ್ತು. ಇಳಿದವರೆಲ್ಲ ಅಲ್ಲೇ ಸಾಲಾಗಿ ನಿಂತು ಒಂದು ಫೋಟೋ ಹೊಡೆಸಿಕೊಳ್ಳುತ್ತಿದ್ದರು, ನಮ್ಮ ಅತ್ತೆಯ ಮದುವೆ ಆಲ್ಬಮ್ಮಿನಲ್ಲೂ ಒಂದು ಇದೆ. ಅದರಲ್ಲಿ ಕಲ್ಲಿನ ಎದುರು ಅತ್ತೆಯ ಭಾವ ಕಾಲು ಅಗಲಿಸಿ ನಿಂತಿದ್ದಾರೆ. ಎಡಗಾಲಿನ ಪಕ್ಕ ಎರಡು ಅಕ್ಷರ, ಹಸುವಿನ ಮೂತಿ, ಅಷ್ಟೇ ಕಾಣುತ್ತದೆ. ಊರಿನವರು ಇದನ್ನು ಓದುತ್ತಿದ್ದರೆ ಅಟ್ಟದಲ್ಲಿರುವ ಆಲ್ಬಮ್ ಒಮ್ಮೆ ತೆಗೆದು ನೋಡಿ. ಮದುಮಕ್ಕಳ ಮುಖ ಮಸುಕಾಗಿದ್ದರೂ ಅಡ್ಡಿಯಿಲ್ಲ. ಹಿಂದಿನ ಕಲ್ಲು ಕಂಡರೆ ಸಾಕು.