ಮೋಹಕ ಬಲೆಗೆ ಜೇನುಹುಳ ಮುತ್ತುತ್ತವೆ ಅನ್ನೋ ಮೆಸೇಜ್ ತಪ್ಪು

ಹಾವೇರಿ, ರಾಣೆಬೆನ್ನೂರು ಕಡೆಯ ರೈತರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. "ಗೋವಿನಜೋಳದ ಹೊಲದಲ್ಲಿ ಮೋಹಕ ಬಲೆ ಕಟ್ಟಬೇಡಿ, ಹುಳಕ್ಕೆ ಎಲ್ಲಾ ವಾಸನೆನೂ ಒಂದೇ, ಜೇನುಹುಳನೂ ಬಂದು ಸಾಯ್ತಾವೆ" ಅಂತ. ಇದು ಸರಿಯಲ್ಲ.

ಮೋಹಕ ಬಲೆ ಅಂದರೆ ವಾಸನೆಯಿಂದ ಗಂಡು ಪತಂಗವನ್ನು ಸೆಳೆದು ಹಿಡಿಯುವ ಬಲೆ. ಅದರೊಳಗಿನ ಸಣ್ಣ ರಬ್ಬರ್ ತುಂಡಿನಲ್ಲಿರುವುದು ಗೋವಿನಜೋಳ ತಿನ್ನುವ ಲದ್ದಿ ಹುಳದ ಹೆಣ್ಣು ಪತಂಗ ಬಿಡುವ ವಾಸನೆಯ ನಕಲು. ಅದನ್ನೇ ಹಿಡಿಯುವ ನರಕೋಶಗಳು ಗಂಡು ಪತಂಗದ ಮೀಸೆಯಲ್ಲಿವೆ. ಬಲೆ ಬಿಚ್ಚಿ ನೋಡಿ, ಬಿದ್ದ ಲದ್ದಿ ಪತಂಗಗಳೆಲ್ಲ ಗಂಡೇ.

ವಾಸನೆ ಬೇರೆ ಮಾಡುವ ಕೆಲಸ ಮೆದುಳಿನದು. ಮೀಸೆಯಲ್ಲಿ ವಾಸನೆ ಹಿಡಿಯುವ ಒಂದೇ ಜಾತಿಯ ಗ್ರಾಹಕ (ರಿಸೆಪ್ಟರ್) ಇರುವ ನರಗಳೆಲ್ಲ ಮೆದುಳಿನ ಒಂದೇ ಪುಟ್ಟ ಗಂಟಿಗೆ ಬಂದು ಸೇರುತ್ತವೆ. ಜೇನುಹುಳದಲ್ಲಿ ಇಂಥ ಗಂಟುಗಳು ಸುಮಾರು 160, ಹಣ್ಣಿನ ನೊಣದಲ್ಲಿ ಸುಮಾರು 50. ಯಾವ ಗಂಟು ಎಷ್ಟು ಚುರುಕಾಯಿತು ಅನ್ನುವುದರ ಮೇಲೆ ಇದು ಹೂವು, ಇದು ಕೊಳೆತ ಹಣ್ಣು ಅಂತ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಇನ್ನೊಂದು ಮಜಲು ಇದೆ, ಹಣ್ಣಿನ ನೊಣದಲ್ಲಿ ಒಂದೊಂದು ಬದಿಗೆ ಸುಮಾರು 2,000 ನರಕೋಶ, ಒಂದು ವಾಸನೆಗೆ ಅದರಲ್ಲಿ ನೂರಕ್ಕೆ ಐದೋ ಹತ್ತೋ ಮಾತ್ರ ಎಚ್ಚರ ಆಗುತ್ತವೆ, ಬೇರೆ ವಾಸನೆಗೆ ಬೇರೆ ಗುಂಪು, ಹಾಗಾಗಿ ಒಂದಕ್ಕೊಂದು ಕಲಸಿಹೋಗುವುದು ಕಡಿಮೆ. ಗಂಡು ಪತಂಗಕ್ಕಂತೂ ಹೆಣ್ಣಿನ ವಾಸನೆಗೇ ದೊಡ್ಡ ಗಂಟುಗಳು ಬೇರೆ ಇವೆ! ಹೂವಿಗೆ ಬರುವ ಕೆಲಸಗಾರ ಜೇನಿಗೆ ಅವಿಲ್ಲ.

ಬಲೆಯ ಹಳದಿ, ಬಿಳಿ ಡಬ್ಬಿಯ ಬಣ್ಣ ನೋಡಿ ಒಂದೆರಡು ಜೇನು ಬೀಳಬಹುದು, ಅದು ಬೇರೆ ಮಾತು. ಹಸಿರು ಡಬ್ಬಿ ಸಿಕ್ಕರೆ ಅದನ್ನೇ ತಗೊಳ್ಳಿ. ಆ ಮೆಸೇಜ್ ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ, ಕಟ್ಟಿದ ಬಲೆ ಸುಮ್ನೆ ಬಿಚ್ಚಬೇಡಿ.