ಗಾಡಿಯ ಬಾಗಿಲು, ಕಲಬುರಗಿಯ ಬಿಸಿಲು, ವಿನ್ನಿಪೆಗ್‌ನ ಚಳಿ

ಕಲಬುರಗಿಗೆ ರಜೆಯ ಮೇಲೆ ಹೋದಾಗಲೆಲ್ಲ ನನಗೆ ತಪ್ಪದೆ ಎದುರಾಗುವ ಪ್ರಶ್ನೆಯೊಂದಿದೆ: “ನಿಮ್ಮ ಕಡಿ ಯಾವ ಗಾಡಿ ಛಲೋ ಅದರೀ?” ಕೇಳುವವರು ನೆರೆಮನೆಯ ಕಾಕಾ ಆಗಿರಲಿ, ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕ ಹಳೆಯ ಗೆಳೆಯನಾಗಿರಲಿ, ಅವರಿಗೆ ಬೇಕಾಗಿರುವುದು ಒಂದು ಕಂಪನಿಯ ಹೆಸರು. ಹದಿಮೂರು ವರ್ಷಗಳಿಂದ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ವಿನ್ನಿಪೆಗ್ ನಗರದಲ್ಲಿರುವ ನಾನು ಮೊದಮೊದಲು ಹೆಸರನ್ನೇ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ಒಂದೂರಿನಲ್ಲಿ ನಂಬಿಕಸ್ಥ ಎನಿಸಿಕೊಂಡ ಗಾಡಿ ಇನ್ನೊಂದೂರಿನಲ್ಲಿ ಕೈಕೊಡುವುದನ್ನು ಕಣ್ಣಾರೆ ಕಂಡ ಮೇಲೆ, ಗಾಡಿಯ ನಂಬಿಕೆಯು ಅರ್ಧ ಕಾರ್ಖಾನೆಯಲ್ಲಿ, ಇನ್ನರ್ಧ ಅದು ಓಡಾಡುವ ಊರಿನ ರೂಢಿಯಲ್ಲಿ ತಯಾರಾಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯವಾಗಿದೆ. ಆ ಎರಡನೆಯ ಅರ್ಧದ ಬಗ್ಗೆ ನಮ್ಮೂರಿನಲ್ಲಿ ಯಾರೂ ಕೇಳುವುದಿಲ್ಲ ಎಂಬ ಕಳವಳದಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಾವು ವಿನ್ನಿಪೆಗ್‌ಗೆ ಬಂದು ಆರನೆಯ ಚಳಿಗಾಲ, ಜನವರಿ ತಿಂಗಳು. ರಸ್ತೆಯ ಮಂಜುಗಡ್ಡೆ ಕರಗಲೆಂದು ಚೆಲ್ಲುವ ಉಪ್ಪು ಗಾಡಿಯ ತಳವನ್ನು ತುಕ್ಕು ಹಿಡಿಸಿ ತಿನ್ನುತ್ತದೆ ಎಂಬ ಕಾಳಜಿಯಿಂದ, ತಾಪಮಾನ ಮೈನಸ್ 3ಕ್ಕೆ ಏರಿದ್ದ ಒಂದು ಶನಿವಾರ ಮಧ್ಯಾಹ್ನ ನಾನು ಕಾರನ್ನು ಮೇಲಿಂದ ಕೆಳಗಿನವರೆಗೆ ತೊಳೆಸಿದೆ. ಸಂಜೆ ನನ್ನ ಹೆಂಡತಿ ರಾತ್ರಿ ಪಾಳಿಗೆಂದು ಅದೇ ಕಾರಿನಲ್ಲಿ ಆಸ್ಪತ್ರೆಗೆ ಹೋದಳು. ರಾತ್ರಿ ಕಳೆಯುವುದರೊಳಗೆ ತಾಪಮಾನ ಮೈನಸ್ 31ಕ್ಕೆ ಇಳಿಯಿತು. ಹನ್ನೆರಡು ಗಂಟೆ ದುಡಿದು ಬೆಳಗಿನ ಏಳಕ್ಕೆ ಹೊರಗೆ ಬಂದವಳು ನನಗೆ ಫೋನ್ ಮಾಡಿದಾಗ ಅವಳ ದನಿ ನಡುಗುತ್ತಿತ್ತು: “ಯಾವ ಬಾಗ್ಲೂ ತೆರೀವಲ್ಲವು ರೀ, ಕೈ ಸೆಟದ್ ಹೋಗ್ಯಾವ.” ಗಾಳಿಯೂ ಸೇರಿ ಚಳಿಯ ಕಡಿತ ಮೈನಸ್ 40ರ ಕೆಳಗಿದ್ದರೆ ತೆರೆದ ಚರ್ಮ ಐದರಿಂದ ಹತ್ತು ನಿಮಿಷದೊಳಗೆ ಹೆಪ್ಪುಗಟ್ಟಬಹುದು ಎಂದು ಇಲ್ಲಿಯ ಹವಾಮಾನ ಇಲಾಖೆಯೇ ಎಚ್ಚರಿಸುತ್ತದೆ. ಅಂದು ಬೆಳಗ್ಗೆ ಹಾಗೆಯೇ ಇತ್ತು. ನಾನು ಮನೆಯಲ್ಲಿದ್ದೆ, ಅವಳು ಹದಿನೈದು ಕಿಲೋಮೀಟರ್ ದೂರದಲ್ಲಿದ್ದಳು.

ಅವಳ ಕೈಯಲ್ಲಿ ಹ್ಯಾಂಡಲ್‌ನ ಪ್ಲಾಸ್ಟಿಕ್ ಮುರಿಯುವುದೊಂದು ಬಾಕಿಯಿತ್ತು. ಪಕ್ಕದಲ್ಲಿ ಗಾಡಿ ನಿಲ್ಲಿಸುತ್ತಿದ್ದ ಹಿರಿಯರೊಬ್ಬರು ಅದನ್ನು ನೋಡಿ, ಎಳೆಯಬೇಡಿ, ಒಳಗೆ ಒತ್ತಿ ಎಂದರಂತೆ. ತಾವೇ ಬಂದು ಹಿಂದಿನ ಬಾಗಿಲಿಗೆ ಭುಜ ಕೊಟ್ಟು, ಸುತ್ತಲೂ ನಾಲ್ಕಾರು ಕಡೆ ಮೈಭಾರವನ್ನೆಲ್ಲ ಹಾಕಿ ಅದುಮಿದಾಗ, ಒಳಗೆ ಸಣ್ಣಗೆ ಚಟಚಟ ಸದ್ದಾಗಿ ಮಂಜುಗಡ್ಡೆ ಬಿರಿದು ಬಾಗಿಲು ತೆರೆಯಿತು. ಅವಳು ಹಿಂದಿನಿಂದ ನುಸುಳಿ ಮುಂದಿನ ಸೀಟಿಗೆ ಹೋಗಿ ಎಂಜಿನ್ ಚಾಲೂ ಮಾಡಿದಳು. ಆಮೇಲೆ ಎದುರಾದ ಕಷ್ಟವನ್ನು ನಾನು ಎಣಿಸಿಯೇ ಇರಲಿಲ್ಲ: ತೆರೆದ ಬಾಗಿಲು ಮತ್ತೆ ಮುಚ್ಚಲಿಲ್ಲ. ಲಾಕ್‌ನ ಒಳಗಿನ ಕೊಂಡಿ ಹೆಪ್ಪುಗಟ್ಟಿ ಹಿಂದೆ ಸರಿದಲ್ಲೇ ನಿಂತಿದ್ದರಿಂದ, ಎಷ್ಟು ಜೋರಾಗಿ ಹಾಕಿದರೂ ಬಾಗಿಲು ಪುಟಿದು ಬರುತ್ತಿತ್ತು. ಕೊನೆಗೆ ಅವಳು ತನ್ನ ಶಾಲಿನಿಂದ ಬಾಗಿಲಿನ ಒಳಹಿಡಿಯನ್ನು ಸೀಟ್ ಬೆಲ್ಟಿಗೆ ಕಟ್ಟಿ, ನಿಧಾನವಾಗಿ ಮನೆಗೆ ಬಂದಳು. ಆ ಶಾಲಿನ ಗಂಟನ್ನು ಬಿಚ್ಚುವಾಗ ನನಗೆ ಆಳಂದದಿಂದ ಕಲಬುರಗಿಗೆ ಜನ ತುಂಬಿಕೊಂಡು ಬರುವ ಕ್ರೂಸರ್ ಜೀಪುಗಳ ನೆನಪಾಯಿತು. ಹಗ್ಗ ಕಟ್ಟಿದ ಅವುಗಳ ಹಿಂಬಾಗಿಲು, ಒಂದೊಂದು ಬಾಗಿಲಿಗೂ ಒಂದೊಂದು ಪಟ್ಟು, ಆ ಪಟ್ಟು ತಿಳಿದಿರುವುದು ಡ್ರೈವರ್‌ಗೆ ಮಾತ್ರ.

ಕಾರು ಕೊಳ್ಳುವಾಗ ಇದು ಅತ್ಯಂತ ನಂಬಿಕೆಯ ಗಾಡಿಯೆಂದು ಅಂಗಡಿಯವರು ಹೇಳಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ಅದರ ಎಂಜಿನ್ ಒಮ್ಮೆಯೂ ತೊಂದರೆ ಕೊಟ್ಟಿರಲಿಲ್ಲ. ಬಾಗಿಲು ಹಿಡಿದುಕೊಂಡದ್ದರ ಕಾರಣ ಬಹಳ ಸರಳವಾದದ್ದು. ಬಾಗಿಲಿನ ಸುತ್ತಲಿರುವ ಬೀಡಿಂಗ್ ರಬ್ಬರ್ ಅಂಥ ಚಳಿಯಲ್ಲೂ ಮೆತ್ತಗೇ ಇರುವ ಜಾತಿಯದು, ಆದರೆ ರಬ್ಬರಿಗೂ ತಗಡಿಗೂ ನಡುವೆ ಉಳಿದ ನೀರಿನ ತೆಳುಪದರ ಗಡ್ಡೆಯಾದರೆ ಅದು ಬೆಸುಗೆಯಂತೆ ಎರಡನ್ನೂ ಹಿಡಿದುಬಿಡುತ್ತದೆ. ಹೊರಗಿನಿಂದ ಎಳೆದರೆ ಬಲವೆಲ್ಲ ಹ್ಯಾಂಡಲ್ ಮೇಲೆ ಬಿದ್ದು ಅದು ಮುರಿಯುತ್ತದೆ, ಒಳಕ್ಕೆ ಒತ್ತಿದರೆ ರಬ್ಬರ್ ಕುಗ್ಗಿ ಗಡ್ಡೆ ಒಡೆಯುತ್ತದೆ. ಕುದಿಯುವ ನೀರು ಸುರಿಯುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಗಾಜು ಸೀಳಬಹುದು, ಸುರಿದ ನೀರು ಮತ್ತೆ ಗಡ್ಡೆಯಾಗುತ್ತದೆ. ಲಾಕ್‌ನ ಕಥೆ ಬೇರೆ. ಅದರೊಳಗಿನ ಹಳೆಯ ಗ್ರೀಸ್ ಚಳಿಗೆ ಮೇಣದಂತೆ ಗಟ್ಟಿಯಾಗುತ್ತದೆ, ಹ್ಯಾಂಡಲ್‌ನಿಂದ ಲಾಕ್‌ಗೆ ಹೋಗುವ ತಂತಿಯ ಕೊಳವೆಯಲ್ಲಿ ತೇವ ಸೇರಿದ್ದರೆ ತಂತಿ ಜಗ್ಗುವುದೇ ಇಲ್ಲ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಹೊಸ ಗಾಡಿಗಳಲ್ಲಿ ಹ್ಯಾಂಡಲ್‌ಗಳು ಮೈಯೊಳಗೆ ಹುದುಗಿಕೊಂಡು, ಮೋಟರಿನ ಬಲದಿಂದ ಹೊರಗೆ ಬರುತ್ತವೆ. ಚೌಕಟ್ಟಿಲ್ಲದ ಗಾಜುಗಳು ಬಾಗಿಲು ತೆರೆಯುವ ಮೊದಲು ತುಸು ಕೆಳಗಿಳಿಯಬೇಕು. ಚಳಿಗೆ ಬ್ಯಾಟರಿ ಸೋತ ದಿನ ಅಥವಾ ಗಾಜು ರಬ್ಬರಿಗೆ ಹೆಪ್ಪುಗಟ್ಟಿದ ದಿನ ಇವೆರಡೂ ಮಾಲೀಕನನ್ನು ಹೊರಗೇ ನಿಲ್ಲಿಸಬಲ್ಲವು. ಬಾಗಿಲು ಎಂಬುದು ಅಲಂಕಾರದ ವಸ್ತುವಲ್ಲ, ಪ್ರಾಣ ಉಳಿಸಿಕೊಳ್ಳುವ ದಾರಿ. ಮ್ಯಾನಿಟೋಬಾದ ಉತ್ತರದ ತುದಿಯಲ್ಲಿ ಹಿಮಕರಡಿಗಳು ಸುಳಿದಾಡುವ ಚರ್ಚಿಲ್ ಎಂಬ ಸಣ್ಣ ಊರಿದೆ. ಕರಡಿ ಎದುರಾದರೆ ಯಾರಾದರೂ ಒಳಗೆ ಹೊಕ್ಕು ಬದುಕಿಕೊಳ್ಳಲಿ ಎಂದು ಅಲ್ಲಿಯ ಜನ ತಮ್ಮ ಗಾಡಿಗಳಿಗೆ ಕೀಲಿ ಹಾಕುವುದಿಲ್ಲ. ವಿದ್ಯುತ್ತಿಲ್ಲದೆ, ಬರಿಗೈಯ ಬಲದಿಂದ, ಒಳಗಿನಿಂದಲೂ ಹೊರಗಿನಿಂದಲೂ ತೆರೆಯಲಾಗದ ಬಾಗಿಲಿರುವ ಗಾಡಿಯನ್ನು ನಾನು ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ಕೊಳ್ಳುವುದಿಲ್ಲ. ಕಲಬುರಗಿಯಲ್ಲಿ ಹೊಸ ಗಾಡಿ ನೋಡುವವರಿಗೂ ಇದೇ ಮಾತು: ಷೋರೂಮಿನಲ್ಲಿ ಮೈಲೇಜ್ ಕೇಳಿದ ಮೇಲೆ, ಬ್ಯಾಟರಿ ಸತ್ತರೆ ಈ ಬಾಗಿಲು ಹೇಗೆ ತೆರೆಯುತ್ತದೆ, ರಿಮೋಟಿನೊಳಗೆ ಅಡಗಿಸಿಟ್ಟ ಕಬ್ಬಿಣದ ಕೀಲಿ ಎಲ್ಲಿ ಹೋಗುತ್ತದೆ ಎಂದು ತೋರಿಸಲು ಹೇಳಿ.

ವಿನ್ನಿಪೆಗ್‌ನವರು ಚಳಿಯೊಂದಿಗೆ ಬದುಕುವ ರೀತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಇಲ್ಲಿ ಮೈನಸ್ 30 ಎಂಬುದು ಅನಾಹುತವಲ್ಲ, ಪ್ರತಿವರ್ಷ ಬರುವ ನೆಂಟ. ಎಂಜಿನ್ನಿಗೆ ಜೋಡಿಸಿದ ಸಣ್ಣ ಹೀಟರಿನ ವೈರು ಬಹುತೇಕ ಗಾಡಿಗಳ ಮುಂಭಾಗದಲ್ಲಿ ಜೋತಾಡುತ್ತಿರುತ್ತದೆ. ಕಚೇರಿ, ವಸತಿ ಕಟ್ಟಡಗಳ ಅಂಗಳಗಳಲ್ಲಿ ಅದನ್ನು ಚುಚ್ಚಲು ಪ್ಲಗ್ ಕಂಬಗಳಿರುತ್ತವೆ. ತಾಪ 7 ಡಿಗ್ರಿಗಿಂತ ಕೆಳಗಿಳಿದರೆ ಸಾಮಾನ್ಯ ಟೈರಿನ ರಬ್ಬರ್ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆಂದು ಅಕ್ಟೋಬರ್‌ನಲ್ಲಿ ಬಹಳಷ್ಟು ಮಂದಿ ಚಳಿಗಾಲದ ಟೈರು ಹಾಕಿಸುತ್ತಾರೆ. ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಅದು ಕಾನೂನಿನ ಕಡ್ಡಾಯ. ನಮ್ಮ ಪ್ರಾಂತ್ಯದಲ್ಲಿ ಕಡ್ಡಾಯವಿಲ್ಲ, ಆದರೆ ಸಾರ್ವಜನಿಕ ವಿಮಾ ಸಂಸ್ಥೆಯೇ ಆ ಟೈರುಗಳಿಗೆ ಸಾಲ ಒದಗಿಸುವ ವ್ಯವಸ್ಥೆ ಮಾಡಿದೆ. ಮಳೆಗಾಲಕ್ಕೆ ಮುನ್ನ ನಮ್ಮವರು ಮಾಳಿಗೆಗೆ ಮಣ್ಣು ಹಾಕಿಸುವ ಹಾಗೆ, ಇದು ಊರಿಗೆ ಊರೇ ಮಾಡಿಕೊಳ್ಳುವ ಸಿದ್ಧತೆ.

ನಮ್ಮ ಕಲಬುರಗಿಗೆ ಚಳಿಗಾಲದ ಜಾಗದಲ್ಲಿ ಬೇಸಿಗೆಯಿದೆ. ಮನುಷ್ಯರ ಮಟ್ಟಿಗೆ ನಾವು ಅದಕ್ಕೆ ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದೇವೆ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಗಿನ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಮನೆಯ ನೆಲಕ್ಕೆ ಶಹಾಬಾದ್ ಕಲ್ಲು, ತಲೆಗೆ ಟವೆಲ್ಲು, ಹೊಟ್ಟೆಗೆ ಮಜ್ಜಿಗೆ. ಆದರೆ 42 ಡಿಗ್ರಿ ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯ ಒಳಗಿನ ತಾಪ 60 ಡಿಗ್ರಿ ದಾಟುತ್ತದೆ, ಅದಕ್ಕೂ ಒಂದು ಸಿದ್ಧತೆ ಬೇಕು ಎಂಬ ವಿಚಾರ ಮಾತ್ರ ನಮ್ಮ ರೂಢಿಯೊಳಗೆ ಬಂದಿಲ್ಲ. ಬ್ಯಾಟರಿಯನ್ನೇ ತೆಗೆದುಕೊಳ್ಳಿ. ಮೈನಸ್ 18 ಡಿಗ್ರಿಯಲ್ಲಿ ಸೀಸದ ಬ್ಯಾಟರಿಯ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಆದರೆ ಬೆಚ್ಚಗಾದರೆ ಅದು ಮರಳಿ ಬರುತ್ತದೆ. ಬಿಸಿಲು ಕಸಿದುಕೊಂಡದ್ದು ಮರಳುವುದಿಲ್ಲ. ತಾಪಕ್ಕೆ ಒಳಗಿನ ನೀರು ಆರಿ, ಸೀಸದ ಫಲಕಗಳು ಸವೆದು, ಬ್ಯಾಟರಿಯ ಆಯುಷ್ಯವೇ ಕುಗ್ಗುತ್ತದೆ. ಮೇ ತಿಂಗಳಲ್ಲಿ ಒಳಗೊಳಗೇ ಕೆಟ್ಟ ಬ್ಯಾಟರಿ ಡಿಸೆಂಬರಿನ ಒಂದು ತಣ್ಣನೆಯ ಬೆಳಗ್ಗೆ ಕೈಕೊಡುತ್ತದೆ, ನಾವು ಚಳಿಯನ್ನು ಬೈಯುತ್ತೇವೆ, ಇಲ್ಲವೆ ಕಂಪನಿಯನ್ನು ಬೈಯುತ್ತೇವೆ.

ರೇಡಿಯೇಟರಿನ ವಿಷಯ ನನಗೆ ಇನ್ನೂ ಹೆಚ್ಚು ನೋವು ಕೊಡುತ್ತದೆ. ಸೇಡಂ, ಶಹಾಬಾದ್, ಚಿತ್ತಾಪುರದ ನೆಲವೆಲ್ಲ ಸುಣ್ಣದ ಕಲ್ಲಿನದು. ಅದಕ್ಕಾಗಿಯೇ ಅಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದಿವೆ. ಅಂಥ ನೆಲದ ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಸುರಿದರೆ, ಅನ್ನದ ಪಾತ್ರೆಯ ತಳದಲ್ಲಿ ಕೂರುವ ಬಿಳಿಯ ಪದರವೇ ಎಂಜಿನ್ನಿನ ಸಣ್ಣ ನಾಳಗಳಲ್ಲೂ ಕೂರುತ್ತದೆ, ಮತ್ತೆ ಜೇವರ್ಗಿ ರಸ್ತೆಯಲ್ಲಿ ಬಾನೆಟ್ ಎತ್ತಿ ನಿಂತ ಗಾಡಿಗಳ ಸಾಲು. ಬರಿಯ ನೀರಿನ ಬದಲು ರೇಡಿಯೇಟರಿಗೆ ಹಾಕುವ ಕೂಲೆಂಟ್ ಎಂಬ ದ್ರವ ಚಳಿ ದೇಶದವರ ಸಾಮಾನು, ನಮಗೇಕೆ ಎನ್ನುವವರನ್ನು ಕಂಡಿದ್ದೇನೆ. ಗ್ಲೈಕಾಲ್ ಮತ್ತು ಶುದ್ಧ ನೀರು ಸಮಪಾಲು ಬೆರೆಸಿದ ಅದೇ ಕೂಲೆಂಟ್ ವಿನ್ನಿಪೆಗ್‌ನಲ್ಲಿ ಮೈನಸ್ 35ರವರೆಗೂ ಹೆಪ್ಪುಗಟ್ಟುವುದಿಲ್ಲ, ಕಲಬುರಗಿಯಲ್ಲಿ 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ಜೊತೆಗೆ ತುಕ್ಕನ್ನೂ ತಡೆಯುತ್ತದೆ.

ಹಾಗೆಂದು ನಮ್ಮ ಗ್ಯಾರೇಜಿನವರನ್ನು ಕಡಿಮೆಯೆಂದು ನಾನು ಒಪ್ಪುವುದಿಲ್ಲ. ಹೆಪ್ಪುಗಟ್ಟಿದ ಆ ಲಾಕ್‌ಗೆ ಇಲ್ಲಿಯ ವರ್ಕ್‌ಷಾಪಿನಲ್ಲಿ ಒಂದೇ ಉತ್ತರ ಸಿಕ್ಕಿತು: ಪೂರ್ತಿ ಬದಲಿಸಬೇಕು. ಬಿಲ್ಲು ನೋಡಿ ನಾವು ಗಂಡ ಹೆಂಡತಿ ಬಹಳ ಹೊತ್ತು ಮಾತಾಡಲಿಲ್ಲ. ಅದೇ ಲಾಕನ್ನು ಹುಮನಾಬಾದ್ ರಿಂಗ್ ರೋಡಿನ ಯಾವ ಮಿಸ್ತ್ರಿಯಾದರೂ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಗ್ರೀಸ್ ಹಚ್ಚಿ, ಚಹಾ ಕುಡಿಯುವಷ್ಟರಲ್ಲಿ ಕೂಡಿಸಿ ಕೊಡುತ್ತಿದ್ದರು. ಅವರು ಹಚ್ಚುವ ದಪ್ಪ ಗ್ರೀಸೇ ಇಲ್ಲಿಯ ಚಳಿಯಲ್ಲಿ ಶತ್ರುವಾಗುತ್ತದೆ ನಿಜ, ಆದರೆ ನಮ್ಮೂರಿನ ಬಿಸಿಲಿಗೆ ತೆಳುವಾದ ಎಣ್ಣೆ ಹರಿದುಹೋಗಿ ಎರೆಮಣ್ಣಿನ ಧೂಳು ಒಳಗೆ ಸೇರುತ್ತದೆ. ಅವರು ಅಲ್ಲಿಗೆ ಸರಿಯಾದದ್ದನ್ನೇ ಮಾಡುತ್ತಾರೆ. ಕೆಟ್ಟದ್ದನ್ನು ರಿಪೇರಿ ಮಾಡುವ ಅವರ ಬುದ್ಧಿಗೆ ಕೆಡುವ ಮೊದಲೇ ಗಾಡಿಯನ್ನು ಒಯ್ದು ತೋರಿಸುವ ಗಿರಾಕಿಗಳು ಸಿಕ್ಕರೆ ಎಷ್ಟು ಚೆನ್ನಾಗಿರುತ್ತದೆ ಎಂದು ನನಗೆ ಅನಿಸುತ್ತಲೇ ಇರುತ್ತದೆ.

ಎರಡು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಊರಿಗೆ ಹೋಗಿದ್ದೆ. ಅಪ್ಪಾಜಿ ತೀರಿಕೊಂಡ ಮೇಲೆ ಅವರ ಕಾರು ಅಂಗಳದಲ್ಲಿ ತಿಂಗಳುಗಟ್ಟಲೆ ಬಿಸಿಲಿಗೆ ನಿಂತಿತ್ತು. ಕೀಲಿ ತಿರುಗಿತು, ಲಾಕ್ ಬಿಟ್ಟ ಸದ್ದೂ ಕೇಳಿತು, ಬಾಗಿಲು ಮಾತ್ರ ಬರಲಿಲ್ಲ. ವಿನ್ನಿಪೆಗ್‌ನ ಆ ಬೆಳಗ್ಗೆಯೇ 43 ಡಿಗ್ರಿ ಬಿಸಿಲಿನಲ್ಲಿ ಮರಳಿ ಬಂದಂತಿತ್ತು. ತಮ್ಮ ಕರೆದುಕೊಂಡು ಬಂದ ಮಿಸ್ತ್ರಿ ಬಾಗಿಲಿನ ಅಂಚಿಗೆ ಅಂಗೈಯಿಟ್ಟು ನೋಡಿ, “ಗಾಡಿ ಖರಾಬ್ ಆಗಿಲ್ಲರೀ ಅಣ್ಣಾ, ಬಿಸಲಿಗಿ ರಬ್ಬರ್ ಅಂಟ್ಕೊಂಡದ, ಅಷ್ಟೇ” ಎಂದರು. ಅವರೂ ಎಳೆಯಲಿಲ್ಲ. ಬಾಗಿಲಿಗೆ ಮೈಯಾನಿಸಿ ಸುತ್ತಲೂ ಒಳಕ್ಕೆ ಒತ್ತಿ, ಆಮೇಲೆ ಮೆಲ್ಲಗೆ ಜಗ್ಗಿದರು. ಬಟ್ಟೆ ಹರಿದಂಥ ಸದ್ದು ಮಾಡುತ್ತಾ ರಬ್ಬರ್ ಬಣ್ಣದಿಂದ ಬಿಟ್ಟುಬಂತು. ವಿನ್ನಿಪೆಗ್‌ನ ಆ ಹಿರಿಯರಿಗೂ ಕಲಬುರಗಿಯ ಈ ಮಿಸ್ತ್ರಿಗೂ ಒಂದೇ ಪಟ್ಟು ತಿಳಿದಿತ್ತು.

ಮದ್ದೂ ಒಂದೇ. ಚಳಿಗಾಲಕ್ಕೆ ಮುನ್ನ ನಾನು ಇಲ್ಲಿ ಬೀಡಿಂಗ್ ರಬ್ಬರನ್ನು ಒರೆಸಿ ಒಣಗಿಸಿ ಸಿಲಿಕೋನ್ ಎಂಬ ಜಾರುವ ಲೇಪ ಹಚ್ಚುತ್ತೇನೆ. ನೀರು ಅದರ ಮೇಲೆ ನಿಲ್ಲುವುದಿಲ್ಲ, ಹೀಗಾಗಿ ಗಡ್ಡೆ ಹಿಡಿಯುವುದಿಲ್ಲ. ಅದೇ ಸಿಲಿಕೋನ್ ಬಿಸಿಲಿನಲ್ಲಿ ರಬ್ಬರ್ ಬಣ್ಣಕ್ಕೆ ಅಂಟದಂತೆ, ಒಣಗಿ ಬಿರಿಯದಂತೆ ಕಾಯುತ್ತದೆ. ಪೆಟ್ರೋಲಿಯಂ ಎಣ್ಣೆ, ಗ್ರೀಸ್ ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ, ಅವನ್ನು ಹಚ್ಚಬಾರದು. ಒಂದು ಡಬ್ಬಿ ಒಂದು ಮನೆಯ ಗಾಡಿಗೆ ಎರಡು ವರ್ಷ ಬರುತ್ತದೆ.

ದಸರೆಯಲ್ಲಿ ಆಯುಧ ಪೂಜೆಯ ದಿನ ನಮ್ಮಲ್ಲಿ ಗಾಡಿಗೆ ವರ್ಷದ ದೊಡ್ಡ ಆರೈಕೆ ನಡೆಯುತ್ತದೆ. ಅದು ಇಲ್ಲಿ ಟೈರು ಬದಲಿಸುವ ಕಾಲವೂ ಹೌದು. ಆದರೆ ನಮ್ಮೂರ ಗಾಡಿಗೆ ಕಷ್ಟದ ದಿನಗಳು ದಸರೆಯ ನಂತರ ಬರುವುದಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೊರಟುಹೋದ ಮೇಲೆ ಬರುತ್ತವೆ. ಹೋಳಿಯಾಗಿ ಐದನೆಯ ದಿನಕ್ಕೆ ಶರಣಬಸವೇಶ್ವರರ ತೇರು ಎಳೆಯುವ ಹೊತ್ತಿಗೆ ಬಿಸಿಲು ಆಗಲೇ ಏರಿರುತ್ತದೆ. ಶಿವರಾತ್ರಿಗೂ ತೇರಿಗೂ ನಡುವೆ ಒಂದು ದಿನ ಗಾಡಿಗಾಗಿ ಮೀಸಲಿಡು ಎಂದು ತಮ್ಮನಿಗೆ ಹೇಳಿ ಬಂದಿದ್ದೆ: ಬ್ಯಾಟರಿಯ ಪರೀಕ್ಷೆ, ಡಿಸ್ಟಿಲ್ಡ್ ವಾಟರ್, ಕೂಲೆಂಟ್, ಟೈರಿನ ಗಾಳಿ, ಬಾಗಿಲಿನ ರಬ್ಬರ್. ಕಳೆದ ವರ್ಷ ತೇರಿನ ಮುಂಚಿನ ಭಾನುವಾರ ಅವನು ಕಳಿಸಿದ ಫೋಟೋದಲ್ಲಿ ಅಪ್ಪಾಜಿಯ ಕಾರು ಬೇವಿನ ಗಿಡದ ನೆರಳಿನಲ್ಲಿ ನಿಂತಿದೆ. ನಾಲ್ಕೂ ಬಾಗಿಲು ತೆರೆದಿವೆ, ತಮ್ಮನ ಮಗಳು ಕೈಯಲ್ಲಿ ಬಟ್ಟೆ ಹಿಡಿದು ಹಿಂದಿನ ಬಾಗಿಲಿನ ರಬ್ಬರ್ ಒರೆಸುತ್ತಿದ್ದಾಳೆ.